ಬೆಲ್ಲ ಕಡೀಗಿ: ಸಣ್ಣ ಹಕ್ಕಿಯನ್ನು ಇಡಿಯಾಗಿ ಸುಡುವ ಬಗೆ

ಮೊದಲ ಸಲ ನಾನು ಲಾವಕ್ಕಿಯನ್ನು ಇಡಿಯಾಗಿ ಸುಟ್ಟಾಗ ಹೊರಗೆ ಇದ್ದಿಲು, ಒಳಗೆ ಹಸಿ. ಖಾರ, ಬೆಲ್ಲ, ಬೆಳ್ಳುಳ್ಳಿ, ಹುಣಸೆ ಎಲ್ಲವನ್ನೂ ಒಟ್ಟಿಗೆ ಅರೆದು ನಾಲ್ಕು ಹಕ್ಕಿಗೆ ರಾತ್ರಿಯೇ ಬಳಿದಿಟ್ಟು, ಮರುದಿನ ಸುರಪುರದ ಚಿಗವ್ವನ ಮನೆ ಹಿತ್ತಲಲ್ಲಿ ಕೆಂಡದ ಮೇಲೆ ಇಟ್ಟಿದ್ದೆ. ಐದು ನಿಮಿಷವೂ ಆಗಿರಲಿಲ್ಲ, ಕಹಿ ಹೊಗೆ ಎದ್ದಿತು. ಹತ್ತು ನಿಮಿಷಕ್ಕೆ ಹಕ್ಕಿ ಕರ್ರಗಾಯಿತು. ತೊಡೆ ಮುರಿದು ನೋಡಿದರೆ ಕೀಲಿನಲ್ಲಿ ಇನ್ನೂ ಕೆಂಪು ನೀರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಚಿಗವ್ವ ಕೈ ನಿಲ್ಲಿಸದೆ ಹೇಳಿದಳು: “ಬೆಲ್ಲಾ ಮೊದ್ಲ ಹಚ್ಚಿದ್ರ ಕರಕಾಗ್ಲಾರದ ಇನ್ನೇನಾಗ್ತದ ತಮ್ಮಾ? ಪಾಕ ಯಾವಾಗ್ಲೂ ಕಡೀಗಿ.”

ಶೇಂಗಾ ಚಿಕ್ಕಿ, ಅಂಟಿನ ಉಂಡಿ ಮಾಡಿ ಮಾಡಿ ಕೈ ಪಳಗಿದವಳ ಮಾತು ಅದು. ಹೋಟೆಲಿನವರು ಮಿರಮಿರ ಮಿಂಚುವ ಸಿಹಿ ಲೇಪಕ್ಕೆ ಗ್ಲೇಜ್ ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಅದು ಪಾಕವೇ. ಯಾದಗಿರಿ, ಶಹಾಪುರ, ಸುರಪುರದ ಅಡುಗೆಮನೆಗಳಿಗೆ ಪಾಕ ಹೊಸದಲ್ಲ, ಕೆಂಡವೂ ಹೊಸದಲ್ಲ. ಎರಡನ್ನೂ ಯಾವ ಹೊತ್ತಿಗೆ ಕೂಡಿಸಬೇಕು ಅನ್ನುವುದಷ್ಟೇ ಕಲಿಯಬೇಕಾದ್ದು.

ಹಕ್ಕಿ ಸುಡುವುದಂತೂ ಈ ಸೀಮೆಗೆ ಬಹಳ ಹಳೆಯ ಸಂಗತಿ. ಈ ಊರುಗಳನ್ನೂ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಕಂಬಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ಮಾಂಸದ ಅಡುಗೆಗಳಿವೆ. ಸುರಪುರವಂತೂ ಬೇಡ ನಾಯಕರ ಸಂಸ್ಥಾನವಾಗಿತ್ತು. ಬೇಟೆ ಅವರ ಹೆಸರಿನಲ್ಲೇ ಇದೆ. ಆದರೆ ಇವತ್ತು ಹಕ್ಕಿ ತರುವ ದಾರಿ ಬೇರೆ. ಅಲ್ಲಿಂದಲೇ ಶುರು ಮಾಡೋಣ.

ಯಾವ ಹಕ್ಕಿ?

ಇಡಿಯಾಗಿ ಸುಡಲು ಮೂರು ಬಗೆ ನಡೆಯುತ್ತವೆ.

ಒಂದು, ಸಾಕಿದ ಲಾವಕ್ಕಿ. ಅಂಗಡಿಯಲ್ಲಿ ಕ್ವೇಲ್ ಅನ್ನುತ್ತಾರೆ, ಉರ್ದು ಮಾತಾಡುವವರು ಬಟೇರ್ ಅನ್ನುತ್ತಾರೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಊರುಗಳಲ್ಲಿ ಬಟೇರ್ ಅಂದರೇ ಹೆಚ್ಚು ಜನಕ್ಕೆ ತಿಳಿಯುತ್ತದೆ. ಇದು ಜಪಾನಿ ಲಾವಕ್ಕಿ. 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ತರಿಸಿದ ತಳಿ ಅಲ್ಲಿಂದ ದೇಶವೆಲ್ಲ ಹರಡಿತು. ಐದಾರು ವಾರಕ್ಕೆ ಬೆಳೆದು ನಿಲ್ಲುತ್ತದೆ. ಸ್ವಚ್ಛ ಮಾಡಿದ ಮೇಲೆ ಒಂದೊಂದು 120ರಿಂದ 150 ಗ್ರಾಂ. ಹಸಿದವರಿಗೆ ತಲೆಗೆ ಎರಡು ಬೇಕು.

ಎರಡು, ಸಣ್ಣ ಬ್ರಾಯ್ಲರ್. 700ರಿಂದ 900 ಗ್ರಾಮಿನದು. ‘ತಂದೂರಿಗೆ ಆಗೋ ಸೈಜ್ ಕೊಡ್ರಿ’ ಅಂದರೆ ಕೋಳಿ ಅಂಗಡಿಯವರಿಗೆ ಗೊತ್ತಾಗುತ್ತದೆ. ಮೂರು ಜನಕ್ಕೆ ಒಂದು.

ಮೂರು, ಎಳೆಯ ಜವಾರಿ ಹುಂಜ. ಇಲ್ಲಿ ಎಳೆಯ ಅನ್ನುವ ಮಾತು ಮುಖ್ಯ. ಕೂಗಲು ಕಲಿತು ತಿಂಗಳುಗಟ್ಟಲೆ ಆದ ಹುಂಜ, ಮೊಟ್ಟೆ ಇಟ್ಟು ಸಾಕಾದ ಹೇಂಟೆ ಎಷ್ಟು ಸುಟ್ಟರೂ ಮೆತ್ತಗಾಗುವುದಿಲ್ಲ. ಅವುಗಳ ರುಚಿ ಇರುವುದು ಸಾರಿನಲ್ಲಿ. ಮೂರು, ನಾಲ್ಕು ತಿಂಗಳೊಳಗಿನದಾದರೆ ಮಾತ್ರ ಸುಡಲು ತನ್ನಿ. ಎದೆಯ ಎಲುಬಿನ ತುದಿಯನ್ನು ಬೆರಳಿನಿಂದ ಒತ್ತಿ ನೋಡಿ. ಬಾಗಿದರೆ ಎಳೆಯದು, ಗಟ್ಟಿಯಾಗಿದ್ದರೆ ಸಾರಿಗೆ.

ಹೊಲದ ಹಕ್ಕಿ ಬೇಡ

ತೊಗರಿ ಹೊಲದಲ್ಲಿ ಬುರ್ರನೆ ಏಳುವ ಕಾಡು ಲಾವಕ್ಕಿ, ಬೇಲಿ ಸಂದಿಯಲ್ಲಿ ಕೂಗುವ ಕೌಜುಗ (ತೀತರ್) ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಿಡಿಯುವುದು, ಮಾರುವುದು, ಕೊಳ್ಳುವುದು ಎಲ್ಲವೂ ಅಪರಾಧ. ಜೈಲು, ದಂಡ ಎರಡೂ ಇವೆ. ಪತ್ರಿಕೆಗಳಲ್ಲಿ ‘ಗೌಜುಗ ಸಾಕಣೆ’ ಅಂತ ಬರುವುದು ಬಹುಪಾಲು ಜಪಾನಿ ಲಾವಕ್ಕಿಯ ಸುದ್ದಿ. ಹೆಸರಿನ ಈ ಗೊಂದಲದಲ್ಲಿ ಕಾಡು ಹಕ್ಕಿಯೂ ನುಸುಳಿಬಿಡುತ್ತದೆ. ರಸ್ತೆ ಬದಿ ಬಲೆಯಲ್ಲಿ ತಂದವರ ಹತ್ತಿರ ಕೊಳ್ಳಬೇಡಿ. ತೂಕವೂ ಗುಟ್ಟು ಬಿಟ್ಟುಕೊಡುತ್ತದೆ: ನಮ್ಮ ಹೊಲದ ಮಳೆ ಲಾವಕ್ಕಿ ಜೀವಂತ ಇದ್ದಾಗಲೂ 100 ಗ್ರಾಂ ತೂಗುವುದಿಲ್ಲ. ಅಷ್ಟು ಸಣ್ಣ ಹಕ್ಕಿ ಕೈಗೆ ಬಂದರೆ ಅದು ಸಾಕಿದ್ದಲ್ಲ ಅಂತ ಅನುಮಾನಪಡಿ. ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ದೂರದ ಹೆಬ್ಬಾತುಗಳನ್ನು ನೋಡಲು ಮಕ್ಕಳನ್ನು ಕರೆದೊಯ್ಯುವ ನಾವು, ಬಾಣಲೆಗೆ ಸಾಕಿದ ಹಕ್ಕಿಯನ್ನೇ ಹಾಕೋಣ.

ಅಂಗಡಿಯಲ್ಲಿ ಹೇಳಬೇಕಾದ ಮಾತು

ನಮ್ಮಲ್ಲಿ ಕೋಳಿ ಅಂಗಡಿಯವರ ಕೈ ತಾನಾಗಿಯೇ ಎರಡು ಕೆಲಸ ಮಾಡಿಬಿಡುತ್ತದೆ: ಚರ್ಮ ಸುಲಿಯುವುದು, ತುಂಡು ಮಾಡುವುದು. ತಕ್ಕಡಿಗೆ ಹಾಕುವ ಮೊದಲೇ ಹೇಳಿ: “ಸ್ಕಿನ್ ಇರ್ಲಿ, ಕಟ್ ಮಾಡಬ್ಯಾಡ್ರಿ, ಹೊಟ್ಟಿ ಅಷ್ಟ ಸ್ವಚ್ಛ ಮಾಡಿ ಕೊಡ್ರಿ.” ಸಣ್ಣ ಹಕ್ಕಿಯ ಎದೆಯಲ್ಲಿ ಕೊಬ್ಬಿಲ್ಲ. ಚರ್ಮವೇ ಅದಕ್ಕೆ ಅಂಗಿ. ಪಾಕ ಹಿಡಿದು ನಿಲ್ಲುವುದೂ ಚರ್ಮದ ಮೇಲೆಯೇ.

ಲಾವಕ್ಕಿಯನ್ನು ಮಾತ್ರ ಬಹಳ ಕಡೆ ಸುಲಿದೇ ಕೊಡುತ್ತಾರೆ, ಪುಚ್ಚ ಕೀಳುವ ತಾಪತ್ರಯಕ್ಕೆ. ಹಿಂದಿನ ದಿನವೇ ಹೇಳಿಟ್ಟರೆ ಬಿಸಿನೀರಲ್ಲಿ ಅದ್ದಿ ಪುಚ್ಚ ತೆಗೆದುಕೊಡುವವರು ಸಿಗುತ್ತಾರೆ. ಜವಾರಿ ಕೋಳಿಯಾದರೆ ಹಳ್ಳಿಯ ಪದ್ಧತಿಯೇ ಮೇಲು: ಪುಚ್ಚ ಕಿತ್ತು, ಒಣ ಕಣಕಿಯ ಉರಿಯಲ್ಲಿ ಆಡಿಸಿ ಉಳಿದ ಕೂದಲು ಸುಟ್ಟು, ಅರಿಸಿನ ತಿಕ್ಕಿ ತೊಳೆಯುವುದು. ಆ ಜ್ವಾಲೆಯ ವಾಸನೆ ಚರ್ಮಕ್ಕೆ ಹಿಡಿದರೆ ಅರ್ಧ ಮಸಾಲೆ ಆದಂತೆ. ಸುಲಿದ ಹಕ್ಕಿಯೇ ಸಿಕ್ಕಿತು ಅಂದರೂ ಚಿಂತೆ ಬೇಡ, ತುಪ್ಪ ಎರಡು ಪಾಲು ಹೆಚ್ಚು ಸವರಿ.

ಬೇಸಿಗೆಯ ಮಾತು ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ನಮ್ಮವು. ಮಾಂಸವನ್ನು ಕಡೆಗೆ ಕೊಳ್ಳಿ, ಗಾಡಿಯ ಡಿಕ್ಕಿಯಲ್ಲಿಟ್ಟುಕೊಂಡು ಬಜಾರ ಸುತ್ತಬೇಡಿ, ಮನೆಗೆ ಬಂದ ಕೂಡಲೇ ಫ್ರಿಜ್ಜಿಗೆ ಇಡಿ. ನಳದ ಕೆಳಗೆ ಹಿಡಿದು ರಭಸವಾಗಿ ತೊಳೆಯುವುದೂ ಒಳ್ಳೆಯದಲ್ಲ. ಹಸಿ ಕೋಳಿಯ ನೀರು ಸಿಡಿದು ಪಕ್ಕದ ಕೊತ್ತಂಬರಿ, ಸವತೆಕಾಯಿ ಮೇಲೆ ಬೀಳುತ್ತದೆ, ರೋಗಾಣು ಹಾಗೇ ಹರಡುತ್ತದೆ. ಬೋಗುಣಿಯಲ್ಲಿ ನೀರು ತುಂಬಿ ಮೆಲ್ಲಗೆ ಜಾಲಿಸಿ ಸಾಕು.

ಉಪ್ಪುನೀರು, ಆಮೇಲೆ ಗಾಳಿ

ಸಣ್ಣ ಹಕ್ಕಿಯ ದೊಡ್ಡ ಶತ್ರು ಒಣಗುವಿಕೆ. ಅದಕ್ಕೆ ಮದ್ದು ಉಪ್ಪುನೀರು. 1 ಲೀಟರ್ ತಣ್ಣೀರಿಗೆ 40 ಗ್ರಾಂ ಉಪ್ಪು (ಊಟದ ಚಮಚದಲ್ಲಿ ಎರಡೂಕಾಲು), ಚಿಟಿಕೆ ಅರಿಸಿನ ಕರಗಿಸಿ. ಲಾವಕ್ಕಿಯಾದರೆ 1 ತಾಸು, ಸಣ್ಣ ಕೋಳಿಯಾದರೆ 3 ತಾಸು ಅದರಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡಿ. ಉಪ್ಪು ಮಾಂಸದೊಳಗೆ ಇಳಿದು, ಬೇಯುವಾಗ ನೀರು ಬಿಟ್ಟುಕೊಡದಂತೆ ಹಿಡಿದಿಡುತ್ತದೆ. ಇದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಉಪ್ಪುಪ್ಪಾಗುತ್ತದೆ.

ಆಮೇಲೆ ಹಕ್ಕಿಯನ್ನು ತೆಗೆದು ಒಣ ಬಟ್ಟೆಯಲ್ಲಿ ಒಳಹೊರಗೆ ಒರೆಸಿ. ತಾಟಿನಲ್ಲಿ, ಮುಚ್ಚದೆ, ಇನ್ನೊಂದು ತಾಸು ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿಡಿ. ಚರ್ಮ ಕಾಗದದ ಹಾಗೆ ಒಣಗಬೇಕು. ಹಸಿ ಚರ್ಮದ ಮೇಲೆ ಪಾಕ ನಿಲ್ಲುವುದಿಲ್ಲ, ಜಾರಿ ಬಾಣಲೆಗೆ ಇಳಿಯುತ್ತದೆ.

ಉರಿಗೆ ಇಡುವ ಮುಂಚೆ ಮಸಾಲೆ: 1 ಚಮಚ ಬೆಳ್ಳುಳ್ಳಿ-ಶುಂಠಿ ಅರೆದದ್ದು, ಅರ್ಧ ಚಮಚ ಖಾರದ ಪುಡಿ, ಕಾಲು ಚಮಚ ಕುಟ್ಟಿದ ಜೀರಿಗೆ, ಅರ್ಧ ನಿಂಬೆಯ ರಸ, 1 ಚಮಚ ಶೇಂಗಾ ಎಣ್ಣೆ. ನಾಲ್ಕು ಲಾವಕ್ಕಿಗೆ ಇಷ್ಟು ಸಾಕು. ಇದರಲ್ಲಿ ಉಪ್ಪು ಬೇಡ, ಬೆಲ್ಲ ಮೊದಲೇ ಬೇಡ. ಹೆಚ್ಚಿನ ಪಾಲನ್ನು ಹೊಟ್ಟೆಯೊಳಗೆ ಸವರಿ. ಕಾಲೆರಡನ್ನೂ ಕೂಡಿಸಿ ಹತ್ತಿಯ ನೂಲಿನಿಂದ ಕಟ್ಟಿ, ರೆಕ್ಕೆಯ ತುದಿಯನ್ನು ಬೆನ್ನ ಹಿಂದೆ ಸಿಗಿಸಿ. ಹೀಗೆ ಮುದ್ದೆಯಾಗಿ ಕೂತ ಹಕ್ಕಿ ಸಮನಾಗಿ ಬೇಯುತ್ತದೆ, ತುದಿಗಳು ಕರಕಾಗುವುದಿಲ್ಲ.

ಪಾಕ

ನಾಲ್ಕು ಲಾವಕ್ಕಿಗೆ ಅಥವಾ ಒಂದು ಸಣ್ಣ ಕೋಳಿಗೆ:

– ಪುಡಿ ಮಾಡಿದ ಬೆಲ್ಲ 60 ಗ್ರಾಂ
– ಸಣ್ಣ ನಿಂಬೆಕಾಯಿಯಷ್ಟು ಹುಣಸೆಹಣ್ಣು, ಅರ್ಧ ಬಟ್ಟಲು ಬಿಸಿನೀರಲ್ಲಿ ನೆನೆಸಿ ಹಿಂಡಿದ ರಸ
– ಜಜ್ಜಿದ ಬೆಳ್ಳುಳ್ಳಿ 4 ಎಸಳು
– ಖಾರದ ಪುಡಿ 1 ಚಮಚ, ಕುಟ್ಟಿದ ಮೆಣಸು ಅರ್ಧ ಚಮಚ
– ಉಪ್ಪು ಚಿಟಿಕೆ, ತುಪ್ಪ 1 ಚಮಚ

ತುಪ್ಪದಲ್ಲಿ ಬೆಳ್ಳುಳ್ಳಿಯನ್ನು ಘಮ್ಮೆನ್ನುವ ತನಕ ಬಾಡಿಸಿ, ಹುಣಸೆರಸ, ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ. ಬೆಲ್ಲ ಕರಗಿದಾಗ ಒಮ್ಮೆ ಸೋಸಿಕೊಂಡರೆ ಕಸ, ಹರಳು ಹೋಗುತ್ತದೆ. ಖಾರ, ಮೆಣಸು, ಉಪ್ಪು ಹಾಕಿ ಮತ್ತೆ 6-8 ನಿಮಿಷ. ಚಿಕ್ಕಿಗೆ ಬೇಕಾದ ಗಟ್ಟಿ ಪಾಕ ಇದಲ್ಲ. ಎರಡು ಬೆರಳ ನಡುವೆ ಹಿಡಿದು ಬಿಡಿಸಿದರೆ ಅಂಟಬೇಕು, ಆದರೆ ಎಳೆ ಬರುವ ಮೊದಲೇ ಇಳಿಸಬೇಕು. ಆರಿದಂತೆ ಅದು ಮತ್ತಷ್ಟು ಗಟ್ಟಿಯಾಗುತ್ತದೆ. ಗಟ್ಟಿಯಾಗಿಯೇ ಹೋಯಿತೆಂದರೆ ಎರಡು ಚಮಚ ಬಿಸಿನೀರು ಬೆರೆಸಿ.

ಈಗಲೇ ಪಾಕವನ್ನು ಎರಡು ಬಟ್ಟಲಿಗೆ ಹಂಚಿ. ಒಂದು ಹಚ್ಚಲು, ಒಂದು ಊಟಕ್ಕೆ ಬಡಿಸಲು. ಅರೆಬೆಂದ ಹಕ್ಕಿಗೆ ಮುಟ್ಟಿದ ಕುಂಚ ಮತ್ತೆ ಬಟ್ಟಲಿಗೆ ಬರುತ್ತದೆ. ಆ ಬಟ್ಟಲಿನದನ್ನು ತಾಟಿಗೆ ಹಾಕಬಾರದು. ಕುಂಚ ಇಲ್ಲದಿದ್ದರೆ ಉಳ್ಳಾಗಡ್ಡಿ ತಪ್ಪಲಿನ ಬುಡದ ತುದಿಯನ್ನು ಜಜ್ಜಿ ಕುಂಚ ಮಾಡಿಕೊಳ್ಳಿ, ವಾಸನೆಯೂ ಚೆಂದ.

ಬೆಲ್ಲ ಹಳದಿ ಇದ್ದರೆ ಸುಡುವಾಗ ಬಣ್ಣ ಬದಲಾಗುವುದು ಕಣ್ಣಿಗೆ ಕಾಣುತ್ತದೆ. ಕಪ್ಪು ಬೆಲ್ಲಕ್ಕೆ ರುಚಿ ಹೆಚ್ಚು, ಆದರೆ ಮೊದಲೇ ಕಪ್ಪಾಗಿರುವುದರಿಂದ ಕರಕಾಗಿದ್ದು ತಿಳಿಯುವುದಿಲ್ಲ. ಅದನ್ನು ಬಳಸುವವರು ಮೂಗನ್ನು ನಂಬಬೇಕು. ಜೇನು ಹಚ್ಚುವ ಆಸೆಯಿದ್ದರೆ ಇನ್ನೂ ಎಚ್ಚರ: ಜೇನಿನ ಸಕ್ಕರೆ ಬೆಲ್ಲಕ್ಕಿಂತ ಬೇಗ ಕಂದುತ್ತದೆ. ಕೊನೆಯ ಎರಡು ನಿಮಿಷಕ್ಕೆ ಮಾತ್ರ ಹಚ್ಚಿ.

ಎರಡು ಗಡಿಯಾರ

ಹಕ್ಕಿ ಸುಡುವಾಗ ಎರಡು ಗಡಿಯಾರ ಓಡುತ್ತಿರುತ್ತವೆ. ಮಾಂಸದ ಗಡಿಯಾರ ನಿಧಾನದ್ದು: ತೊಡೆಯ ಒಳಗಿನ ಭಾಗ 74 ಡಿಗ್ರಿ ಮುಟ್ಟಬೇಕು. ಬೆಲ್ಲದ ಗಡಿಯಾರ ಚುರುಕಿನದು: 160 ಡಿಗ್ರಿ ಆಸುಪಾಸಿನಲ್ಲಿ ಕಂದಲು ಶುರುವಾಗಿ, ಸ್ವಲ್ಪ ಮೇಲೇರಿದರೆ ಕಹಿಯಾಗುತ್ತದೆ. ಕೆಂಡದ ಶಾಖ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಎರಡನ್ನೂ ಒಂದೇ ಹೊತ್ತಿಗೆ ಶುರು ಮಾಡಿದರೆ ಬೆಲ್ಲ ಮೊದಲು ಮುಗಿಯುತ್ತದೆ. ನನ್ನ ಮೊದಲ ನಾಲ್ಕು ಹಕ್ಕಿಗೆ ಆದದ್ದು ಇದೇ. ಮಾಂಸ ಮುಕ್ಕಾಲು ಬೆಂದ ಮೇಲೆ ಪಾಕ ಹಚ್ಚಿದರೆ ಎರಡೂ ಒಟ್ಟಿಗೆ ಮುಗಿಯುತ್ತವೆ. ಕೆಳಗಿನ ಮೂರು ವಿಧಾನವೂ ಈ ಒಂದು ಲೆಕ್ಕದ ಮೇಲೆಯೇ ನಿಂತಿವೆ.

ಒಟಿಜಿ ಇದ್ದವರಿಗೆ: 220 ಡಿಗ್ರಿಗೆ ಇಟ್ಟು 15 ನಿಮಿಷ ಖಾಲಿ ಕಾಯಿಸಿ. ಇದನ್ನು ತಪ್ಪಿಸಬೇಡಿ. ಲಾವಕ್ಕಿಗೆ ತುಪ್ಪ ಸವರಿ, ಎದೆ ಮೇಲೆ ಮಾಡಿ ಜಾಲರಿಯ ಮೇಲಿಡಿ. ಕೆಳಗಿನ ತಟ್ಟೆಗೆ ಅರ್ಧ ಬಟ್ಟಲು ನೀರು ಹಾಕಿದರೆ ತೊಟ್ಟಿಕ್ಕಿದ ಬೆಲ್ಲ ಸುಟ್ಟು ಹೊಗೆಯಾಡುವುದಿಲ್ಲ. 10 ನಿಮಿಷದ ಮೇಲೆ ತೆಗೆದು ಪಾಕ ಹಚ್ಚಿ, 4 ನಿಮಿಷ ಬಿಟ್ಟು ಮತ್ತೊಮ್ಮೆ, ಇನ್ನೂ 4-5 ನಿಮಿಷ. ಒಟ್ಟು ಸುಮಾರು 20 ನಿಮಿಷ. 800 ಗ್ರಾಮಿನ ಕೋಳಿಯಾದರೆ 200 ಡಿಗ್ರಿಯಲ್ಲಿ 35-40 ನಿಮಿಷ ಬೇಯಿಸಿ, ಆಮೇಲೆ ಎರಡು ಸಲ ಪಾಕ ಹಚ್ಚಿ 10 ನಿಮಿಷ.

ಗ್ಯಾಸ್ ಒಲೆಯಷ್ಟೇ ಇದ್ದವರಿಗೆ: ದಪ್ಪ ತಳದ ಕಬ್ಬಿಣದ ಬಾಣಲೆ ಬೇಕು. ಎರಡು ಚಮಚ ತುಪ್ಪ ಕಾಯಿಸಿ, ಲಾವಕ್ಕಿಯನ್ನು ಎಲ್ಲ ಮಗ್ಗುಲಿಗೆ ತಿರುವುತ್ತ 5 ನಿಮಿಷ ಬಂಗಾರದ ಬಣ್ಣ ಬರಿಸಿ. ಮೂರು ಚಮಚ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ 10 ನಿಮಿಷ. ಮುಚ್ಚಳ ತೆಗೆದು ನೀರು ಪೂರ್ತಿ ಹಿಂಗಿಸಿ, ಆಮೇಲೆ ಪಾಕ ಸುರಿದು, ಬಾಣಲೆ ವಾಲಿಸಿ, ಚಮಚದಿಂದ ಪಾಕವನ್ನು ಎತ್ತಿ ಎತ್ತಿ ಎದೆಯ ಮೇಲೆ ಹೊಯ್ಯುತ್ತಿರಿ. 3-4 ನಿಮಿಷಕ್ಕೆ ಪಾಕ ಹಕ್ಕಿಗೆ ಸುತ್ತಿಕೊಂಡು ಮಿಂಚುತ್ತದೆ. ಸಣ್ಣ ಕೋಳಿಯನ್ನು ಹೀಗೆ ಮಾಡುವುದಾದರೆ ಬೆನ್ನೆಲುಬನ್ನು ಕತ್ತರಿಯಿಂದ ಸೀಳಿ, ಅಂಗೈಯಿಂದ ಎದೆ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಮುಚ್ಚಿ ಬೇಯಿಸುವ ಹೊತ್ತು ಅರ್ಧ ತಾಸಾಗುತ್ತದೆ, ನಡುವೆ ಒಮ್ಮೆ ಮಗುಚಿ. ಹೊಸಬರಿಗೆ ನನ್ನ ಶಿಫಾರಸು ಈ ಬಾಣಲೆ ವಿಧಾನ. ಪಾಕ ಕಣ್ಣ ಮುಂದೆಯೇ ಇರುತ್ತದೆ, ಕರಕಾಗುವ ಮುಂಚೆ ಉರಿ ಆರಿಸಬಹುದು.

ಹಿತ್ತಲಲ್ಲಿ ಕೆಂಡ ಮಾಡುವವರಿಗೆ: ನಮ್ಮಲ್ಲಿ ರಾಶಿಗಟ್ಟಲೆ ಸಿಗುವ ತೊಗರಿ ಕಟ್ಟಿಗೆ ಭಗ್ಗನೆ ಉರಿದು ಬೂದಿಯಾಗುತ್ತದೆ. ಒಲೆ ಹೊತ್ತಿಸಲು ಸರಿ, ಕೆಂಡಕ್ಕೆ ನಿಲ್ಲದು. ಜಾಲಿ ಕಟ್ಟಿಗೆಯ ಕೆಂಡ ಅರ್ಧ ತಾಸಿಗೂ ಹೆಚ್ಚು ಒಂದೇ ಶಾಖ ಕೊಡುತ್ತದೆ. ಜ್ವಾಲೆ ಪೂರ್ತಿ ಇಳಿದು ಕೆಂಡದ ಮೇಲೆ ಬೂದಿಯ ತೆಳು ಪೊರೆ ಬರುವ ತನಕ ಕಾಯಿರಿ. ಜಾಲರಿಯ ಮೇಲೆ ಗೇಣು ಎತ್ತರದಲ್ಲಿ ಅಂಗೈ ಹಿಡಿದು ನಿಧಾನಕ್ಕೆ ಎಣಿಸಿ: ನಾಲ್ಕೈದು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕೆನಿಸಿದರೆ ಶಾಖ ಹದ. ಎರಡಕ್ಕೇ ತೆಗೆದರೆ ಕೆಂಡ ಸ್ವಲ್ಪ ಹರಡಿ. ಹಕ್ಕಿಯನ್ನು ಎರಡೆರಡು ನಿಮಿಷಕ್ಕೆ ತಿರುಗಿಸುತ್ತ 12 ನಿಮಿಷ ಸುಡಿ. ಆಮೇಲೆ ಕೆಂಡವನ್ನು ಒಂದು ಮಗ್ಗುಲಿಗೆ ಸರಿಸಿ, ಹಕ್ಕಿಯನ್ನು ಕೆಂಡವಿಲ್ಲದ ಮಗ್ಗುಲಿಗೆ ತಂದು ಪಾಕ ಹಚ್ಚಿ. ನೇರ ಕೆಂಡದ ಮೇಲೆ ಪಾಕ ಹಚ್ಚಿದರೆ ತೊಟ್ಟಿದ ಬೆಲ್ಲಕ್ಕೆ ಜ್ವಾಲೆ ಏಳುತ್ತದೆ. ಮೂರು ಸಲ ತೆಳ್ಳಗೆ ಹಚ್ಚಿದರೆ ಒಂದು ಸಲ ದಪ್ಪಗೆ ಹಚ್ಚಿದ್ದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ.

ಬೆಂದಿದೆಯೋ ಇಲ್ಲವೋ

ಬಣ್ಣ ನೋಡಿ ಮೋಸಹೋಗಬೇಡಿ, ಪಾಕ ಹಚ್ಚಿದ ಹಕ್ಕಿ ಹಸಿ ಇದ್ದರೂ ಬೆಂದಂತೆಯೇ ಕಾಣುತ್ತದೆ. ಆದ್ದರಿಂದ ಪರೀಕ್ಷೆಯನ್ನು ಪಾಕಕ್ಕಿಂತ ಮುಂಚೆ ಒಮ್ಮೆ, ಇಳಿಸುವಾಗ ಮತ್ತೊಮ್ಮೆ ಮಾಡಿ. ತೊಡೆ, ದೇಹ ಕೂಡುವ ಕಡೆ ಚೂಪು ಕಡ್ಡಿ ಚುಚ್ಚಿದರೆ ಬರುವ ರಸ ತಿಳಿಯಾಗಿರಬೇಕು. ಕಾಲನ್ನು ಹಿಡಿದು ಅಲ್ಲಾಡಿಸಿದರೆ ಕೀಲು ಸಡಿಲವಾಗಿ ಆಡಬೇಕು. ಅಡುಗೆಯ ಥರ್ಮಾಮೀಟರ್ ಇದ್ದರೆ ತೊಡೆಯ ದಪ್ಪ ಭಾಗಕ್ಕೆ, ಎಲುಬಿಗೆ ತಾಗದಂತೆ ಚುಚ್ಚಿ. 74 ಬಂತೆಂದರೆ ಮುಗಿಯಿತು. ಕೆಲವು ದೇಶಗಳಲ್ಲಿ ಲಾವಕ್ಕಿಯ ಎದೆಯನ್ನು ನಸುಗೆಂಪಾಗಿಯೇ ತಿನ್ನುತ್ತಾರೆ. ನಮ್ಮ ಹವೆಗೆ, ನಮ್ಮ ಮಾರುಕಟ್ಟೆಗೆ ಆ ಷೋಕಿ ಬೇಡ.

ಇಳಿಸಿದ ಮೇಲೆ ಲಾವಕ್ಕಿಯನ್ನು 5 ನಿಮಿಷ, ಕೋಳಿಯನ್ನು 10 ನಿಮಿಷ ಹಾಗೇ ಬಿಡಿ. ಬಿಸಿಬಿಸಿ ಮುರಿದರೆ ರಸವೆಲ್ಲ ತಾಟಿಗೆ ಹರಿಯುತ್ತದೆ. ಪಾಕವೂ ಈ ಹೊತ್ತಿನಲ್ಲೇ ಚರ್ಮಕ್ಕೆ ಅಂಟಿ ಹೊಳಪು ಪಡೆಯುತ್ತದೆ. ಮುಚ್ಚಳ ಮುಚ್ಚಬೇಡಿ, ಹಬೆಗೆ ಚರ್ಮ ಮೆತ್ತಗಾಗುತ್ತದೆ.

ತಾಟಿನಲ್ಲಿ

ಬಿಸಿ ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ನಿಂಬೆ ಹೋಳು, ಪಕ್ಕದಲ್ಲಿ ಗಟ್ಟಿ ಮೊಸರು. ಸಿಹಿ ಇರುವ ಕಡೆ ಹುಳಿಯೂ ಕಚಕಚ ಅನ್ನುವ ತರಕಾರಿಯೂ ಬೇಕು, ಇಲ್ಲವಾದರೆ ಎರಡನೇ ತುತ್ತಿಗೆ ನಾಲಿಗೆ ಸಾಕೆನ್ನುತ್ತದೆ. ಮಾಂಸಕ್ಕೆ ಸಿಹಿಯೇ ಅಂತ ಮೂಗು ಮುರಿಯುವ ಹಿರಿಯರು ಮನೆಯಲ್ಲಿದ್ದರೆ ಖಾರ ಅರ್ಧ ಚಮಚ ಹೆಚ್ಚಿಸಿ, ಬೆಲ್ಲ 40 ಗ್ರಾಮಿಗೆ ಇಳಿಸಿ. ಹುಳಿ, ಖಾರ, ಬೆಲ್ಲ ಕೂಡಿದ ರುಚಿ ನಮ್ಮ ಗೊಜ್ಜಿನದೇ ಅಲ್ಲವೇ? ತಿಂದ ಮೇಲೆ ಯಾರೂ ತಕರಾರು ಮಾಡಿದ್ದು ನಾನು ಕಂಡಿಲ್ಲ.

ಉಳಿದರೆ ಬೇಸಿಗೆಯಲ್ಲಿ 1 ತಾಸು, ಚಳಿಗಾಲದಲ್ಲಿ 2 ತಾಸಿನೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನ ಮುಗಿಸಿ. ಎಲುಬು ಎಸೆಯಬೇಡಿ. ಮೆಣಸು, ಬೆಳ್ಳುಳ್ಳಿ ಹಾಕಿ ಕುದಿಸಿದರೆ ನಸುಸಿಹಿಯ ಒಳ್ಳೆಯ ರಸ ಆಗುತ್ತದೆ.

ಮೊದಲ ಸಲಕ್ಕೆ ನೆಂಟರನ್ನು ಕರೆಯಬೇಡಿ. ಎರಡೇ ಲಾವಕ್ಕಿ ತನ್ನಿ, ಬಾಣಲೆಯಲ್ಲಿ ಮಾಡಿ. ನಿಮ್ಮ ಒಲೆಯ ಉರಿಗೆ ಎಷ್ಟು ನಿಮಿಷ ಹಿಡಿಯಿತು ಅನ್ನುವುದನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಎರಡನೇ ಸಲ ಆ ಲೆಕ್ಕ ನಿಮ್ಮದೇ ಆಗಿರುತ್ತದೆ, ಆಗ ಈ ಲೇಖನ ಬೇಕಾಗುವುದಿಲ್ಲ.